ವಾಹನ ಸಂರಕ್ಷಣೆಯಲ್ಲಿ ಮಿತವ್ಯಯ: ಷೋರೂಮಿನ ಸರ್ವಿಸಿಂಗ್ ಕುರಿತು ಒಂದು ವಿವೇಚನೆ

ನೌಬಾದದ ಹೆದ್ದಾರಿಯ ಬದಿಯಲ್ಲಿ ಬೆಳಗಿನ ಒಂಬತ್ತು ಗಂಟೆಯ ವೇಳೆಗೆ ಒಂದು ಗಳಿಗೆ ನಿಂತರೆ ಕಾಲ ಎಷ್ಟು ಬದಲಾಗಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಒಂದು ಕಾಲಕ್ಕೆ ಅಧ್ಯಾಪಕರು ಸೈಕಲ್ಲು ತುಳಿದೋ ಸರಕಾರಿ ಬಸ್ಸಿನ ಹಾದಿ ಕಾದೋ ಶಾಲೆ ಸೇರುತ್ತಿದ್ದರು. ಈಗ ಬೀದರದಿಂದ ಭಾಲ್ಕಿಗೆ, ಔರಾದಿಗೆ, ಅಲ್ಲಿಂದ ಇಲ್ಲಿಗೆ, ಸ್ವಂತ ಕಾರುಗಳಲ್ಲಿ ಓಡಾಡುವ ಅಧ್ಯಾಪಕರ ಸಂಖ್ಯೆ ಸಣ್ಣದಲ್ಲ. ನಾಲ್ಕು ಜನ ಸೇರಿ ಪೆಟ್ರೋಲಿನ ಖರ್ಚು ಹಂಚಿಕೊಂಡು ಒಂದೇ ಕಾರಿನಲ್ಲಿ ಬರುವವರೂ ಇದ್ದಾರೆ. ಟಂಟಂ ಮತ್ತು ಕ್ರೂಸರುಗಳ ನಡುವೆ ಶಾಲೆಯ ಹೆಸರು ಬರೆದ ಹಳದಿ ವಾಹನಗಳು ಮಕ್ಕಳನ್ನು ತುಂಬಿಕೊಂಡು ಸಾಗುತ್ತವೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಕಾರು ಮಾರುಕಟ್ಟೆಗೆ ಬಂದಂದಿನಿಂದ ಮಧ್ಯಮ ವರ್ಗದ ಮನೆಯಂಗಳಕ್ಕೆ ಕಾರು ಬರತೊಡಗಿತು. ಬ್ಯಾಂಕಿನ ಸಾಲ ಸುಲಭವಾದ ಮೇಲಂತೂ ಅದು ಅಂಗಳದಲ್ಲಿ ನೆಲೆಯೂರಿತು.

ಕಾರನ್ನು ಕೊಳ್ಳುವಾಗ ಹತ್ತು ಕಡೆ ವಿಚಾರಿಸಿ, ಒಂದು ಸಾವಿರ ರೂಪಾಯಿಯ ರಿಯಾಯಿತಿಗಾಗಿ ಅರ್ಧ ದಿನ ಚೌಕಾಸಿ ಮಾಡುವ ಗೃಹಸ್ಥನು ಅದೇ ಕಾರನ್ನು ಸರ್ವಿಸಿಂಗಿಗೆ ಬಿಟ್ಟಾಗ ಮಾತ್ರ ಎಂಟು ಸಾವಿರದ ಬಿಲ್ಲಿಗೆ ಓದದೆಯೇ ಹಣ ತೆತ್ತು ಬರುತ್ತಾನೆ. ಇದು ವಿಚಿತ್ರವಾದರೂ ಸತ್ಯ. ಕಾರಣ ಸ್ಪಷ್ಟವಾಗಿದೆ. ಕೊಳ್ಳುವ ವಸ್ತು ಕಣ್ಣಿಗೆ ಕಾಣುತ್ತದೆ, ಸರ್ವಿಸಿಂಗ್ ಕಾಣುವುದಿಲ್ಲ. ಬಾನೆಟ್ಟಿನ ಕೆಳಗೆ ಏನು ನಡೆಯಿತೆಂಬುದನ್ನು ಬಿಲ್ಲಿನ ಇಂಗ್ಲಿಷ್ ಸಾಲುಗಳಿಂದಲೇ ನಂಬಬೇಕು. ಅಧ್ಯಾಪಕನ ಮಟ್ಟಿಗೆ ಇದು ಸಂಬಳದ ಪ್ರಶ್ನೆ. ಶಾಲೆಯ ವಾಹನದ ಮಟ್ಟಿಗೆ ಪ್ರಶ್ನೆ ಇನ್ನೂ ಗಂಭೀರವಾದುದು. ಮಠಗಳ ಶಾಲೆಗಳು ಬೆಳೆದದ್ದು ಜೋಳಿಗೆಯಿಂದ, ಭಕ್ತರ ದಾಸೋಹದಿಂದ. ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರಂಥ ಹಿರಿಯರು ನಿಜಾಮನ ಆಳ್ವಿಕೆಯ ಕಠಿಣ ದಿನಗಳಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಈ ಭಾಗದ ಮನೆಮನೆಗೆ ಗೊತ್ತು. ಅಂಥ ಪರಂಪರೆಯ ಶಾಲೆಯೊಂದು ದಾನಿಗಳ ಹಣದಿಂದ ಕೊಂಡ ಬಸ್ಸಿಗೆ ಬೇಡದ ಕೆಲಸ ಮಾಡಿಸಿ ತೆತ್ತ ಪ್ರತಿಯೊಂದು ರೂಪಾಯಿಯೂ ಯಾವನೋ ರೈತನು ತೊಗರಿ ಮಾರಿ ಕೊಟ್ಟ ರೂಪಾಯಿಯೇ ಆಗಿರುತ್ತದೆ. ಆದಕಾರಣ ಈ ವಿಷಯವನ್ನು ಕೇವಲ ಯಂತ್ರಶಾಸ್ತ್ರಕ್ಕೆ ಬಿಟ್ಟುಕೊಡುವುದು ಸರಿಯಲ್ಲ.

ಮಿತವ್ಯಯ ಬೇರೆ, ಜಿಪುಣತನ ಬೇರೆ. ಸರ್ವಿಸಿಂಗನ್ನು ಮುಂದೂಡಿ ಉಳಿಸಿದ ಹಣ ಉಳಿತಾಯವಲ್ಲ, ಅದು ಇಂಜಿನ್ನಿನಿಂದ ತಂದ ಸಾಲ. ಬಡ್ಡಿ ಸಮೇತ ತೀರಿಸಬೇಕಾಗುತ್ತದೆ. ನೌಬಾದದ ನೆಲದೊಳಗೆ ಬಹಮನಿ ಕಾಲದವರು ಕೊರೆದ ಸುರಂಗ ಕಾಲುವೆ, ಅಂದರೆ ಕಾರೇಜ್, ಇದಕ್ಕೆ ಸಮೀಪದ ನಿದರ್ಶನವಾಗಿದೆ. ಕೆಮ್ಮಣ್ಣಿನ ಜಂಬಿಟ್ಟಿಗೆಯ ಪದರದಲ್ಲಿ ಮೈಲಿಗಟ್ಟಲೆ ಸುರಂಗ ತೋಡಿ, ಅಲ್ಲಲ್ಲಿ ಗಾಳಿಗೂ ಹೂಳೆತ್ತುವುದಕ್ಕೂ ಬಾವಿಯಂಥ ಕಿಂಡಿಗಳನ್ನು ಬಿಟ್ಟಿದ್ದರು. ಕಿಂಡಿಗಳಲ್ಲಿ ಇಳಿದು ಆಗಾಗ ಹೂಳು ತೆಗೆಯುವವರು ಇದ್ದಷ್ಟು ಕಾಲ ನೀರು ಹರಿಯಿತು. ಆ ಕೆಲಸ ನಿಂತ ಮೇಲೆ ಕಸಕಡ್ಡಿ ತುಂಬಿ, ಇತ್ತೀಚಿನ ವರ್ಷಗಳಲ್ಲಿ ಜಿಲ್ಲಾಡಳಿತ ಮತ್ತು ಆಸಕ್ತರು ಕೂಡಿ ಮತ್ತೆ ತೆರವುಗೊಳಿಸಬೇಕಾಯಿತು. ನಿಯತಕಾಲದ ಸಣ್ಣ ಕೆಲಸ ಬಿಟ್ಟದ್ದಕ್ಕೆ ತಲೆಮಾರುಗಳ ನಂತರ ದೊಡ್ಡ ಕೆಲಸ ಬಿತ್ತು. ಕಾರಿನ ಇಂಜಿನ್ನಿಗೆ ಅಷ್ಟು ಶತಮಾನಗಳ ತಾಳ್ಮೆ ಇಲ್ಲ.

ಮೂಲ ಗ್ರಂಥ: ಕಾರಿನೊಡನೆ ಬಂದ ಕೈಪಿಡಿ

ಪ್ರತಿಯೊಂದು ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ತಯಾರಕರ ಕೈಪಿಡಿಯೊಂದು ಇರುತ್ತದೆ. ಬಹುಪಾಲು ಕಾರುಗಳಲ್ಲಿ ಅದು ಪ್ಲಾಸ್ಟಿಕ್ ಚೀಲದಿಂದ ಹೊರಬಂದೇ ಇರುವುದಿಲ್ಲ. ಅದರ ಕೊನೆಯ ಭಾಗದಲ್ಲಿರುವ ನಿರ್ವಹಣಾ ಕೋಷ್ಟಕವೇ ಸರ್ವಿಸಿಂಗಿನ ನಿಜವಾದ ಶಾಸನ. ಯಾವ ಭಾಗವನ್ನು ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ತಿಂಗಳಿಗೆ ಪರೀಕ್ಷಿಸಬೇಕು, ಯಾವುದನ್ನು ಬದಲಿಸಬೇಕು ಎಂಬುದನ್ನು ಅಲ್ಲಿ ಒಂದೊಂದು ಅಕ್ಷರದ ಸಂಕೇತದಿಂದ ಸೂಚಿಸಿರುತ್ತಾರೆ. ‘ಪರೀಕ್ಷಿಸು’ ಎಂದರೆ ‘ಬದಲಿಸು’ ಎಂದಲ್ಲ. ಈ ಒಂದು ಭೇದವನ್ನು ಮನಗಂಡವನು ಅರ್ಧ ಉಳಿತಾಯವನ್ನು ಸಾಧಿಸಿದಂತೆಯೇ.

ಇಂದಿನ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಿನವಕ್ಕೆ ಮೊದಲ ವರ್ಷದ ಉಚಿತ ಸರ್ವಿಸುಗಳು ಮುಗಿದ ಮೇಲೆ 10,000 ಕಿಲೋಮೀಟರು ಅಥವಾ 12 ತಿಂಗಳು, ಇವೆರಡರಲ್ಲಿ ಯಾವುದು ಮೊದಲು ಬರುವುದೋ ಅದಕ್ಕೆ ಒಮ್ಮೆ ಸರ್ವಿಸ್ ಎಂದು ತಯಾರಕರು ನಿಗದಿಪಡಿಸಿರುತ್ತಾರೆ. ಆದರೆ ಕಾರ್ಯಾಗಾರದವರು ಗಾಜಿಗೆ ಅಂಟಿಸಿ ಕಳಿಸುವ ಚೀಟಿಯಲ್ಲಿ ‘ಮುಂದಿನ ಸರ್ವಿಸ್ 5,000 ಕಿ.ಮೀ. ಅಥವಾ 6 ತಿಂಗಳು’ ಎಂದು ಬರೆದಿರುವುದುಂಟು. ಬೀದರದೊಳಗೇ ಇದ್ದು ತಿಂಗಳಿಗೆ 600 ಕಿಲೋಮೀಟರು ಓಡಿಸುವ ಅಧ್ಯಾಪಕರೊಬ್ಬರನ್ನು ಕಲ್ಪಿಸಿಕೊಳ್ಳಿರಿ. ಅವರ ಕಾರು ವರ್ಷಕ್ಕೆ 7,200 ಕಿಲೋಮೀಟರು ಓಡುತ್ತದೆ. ಕೈಪಿಡಿಯ ಪ್ರಕಾರ ಅವರಿಗೆ ವರ್ಷಕ್ಕೆ ಒಂದು ಸರ್ವಿಸ್ ಸಾಕು. ಚೀಟಿಯ ಪ್ರಕಾರ ಎರಡು. ಎಂಟು ವರ್ಷ ಕಾರನ್ನು ಇಟ್ಟುಕೊಂಡರೆ ಎಂಟು ಸರ್ವಿಸುಗಳ ಹಣ ಚೀಟಿಯ ಪಾಲಾಗುತ್ತದೆ. ಇದಕ್ಕೆ ಪ್ರತಿಯಾಗಿ ಬೀದರದಿಂದ ಭಾಲ್ಕಿಗೆ ಸುಮಾರು 40 ಕಿಲೋಮೀಟರು ದಿನಾಲು ಹೋಗಿಬರುವವರು ತಿಂಗಳ 22 ಕೆಲಸದ ದಿನಗಳಲ್ಲಿ 1,760 ಕಿಲೋಮೀಟರು ಓಡಿಸುತ್ತಾರೆ. ಆರು ತಿಂಗಳು ತುಂಬುವ ಮೊದಲೇ ಅವರ ಕಾರು ಹತ್ತು ಸಾವಿರ ದಾಟುತ್ತದೆ. ‘ವರ್ಷಕ್ಕೊಮ್ಮೆ ಸಾಕಂತೆ’ ಎಂಬ ಗೆಳೆಯನ ಮಾತು ಕೇಳಿ ಅವರು ಸುಮ್ಮನಿದ್ದರೆ ಆಯಿಲ್ ತನ್ನ ಆಯುಷ್ಯದ ಎರಡು ಪಟ್ಟು ದುಡಿದಿರುತ್ತದೆ. ಇಬ್ಬರ ಮನೆ ಒಂದೇ ಓಣಿಯಲ್ಲಿದ್ದರೂ ಇಬ್ಬರ ಕಾರುಗಳ ಲೆಕ್ಕ ಬೇರೆ.

ಕೋಷ್ಟಕದ ಪಕ್ಕದಲ್ಲಿಯೇ ಸಾಮಾನ್ಯವಾಗಿ ಇನ್ನೊಂದು ಸಣ್ಣ ಕೋಷ್ಟಕ ಇರುತ್ತದೆ: ಕಠಿಣ ಬಳಕೆಯ ವಾಹನಗಳಿಗಾಗಿ. ಧೂಳಿನ ರಸ್ತೆ, ಪದೇ ಪದೇ ನಿಂತು ಹೊರಡುವ ಓಟ, ಇಂಜಿನ್ ಪೂರ್ಣ ಬಿಸಿಯಾಗುವ ಮೊದಲೇ ಮುಗಿಯುವ ಕಿರುದಾರಿ, ಇವು ಅದರಲ್ಲಿ ಸೇರುತ್ತವೆ. ಔರಾದ ಮತ್ತು ಭಾಲ್ಕಿ ತಾಲೂಕುಗಳ ಎರೆಮಣ್ಣಿನ ಹಳ್ಳಿರಸ್ತೆಗಳಲ್ಲಿ ಸುಗ್ಗಿಯ ಕಾಲದಲ್ಲಿ ಏಳುವ ಧೂಳನ್ನು ಕಂಡವರಿಗೆ ಈ ಕೋಷ್ಟಕ ಯಾರಿಗಾಗಿ ಬರೆದದ್ದೆಂದು ಬೇರೆ ಹೇಳಬೇಕಿಲ್ಲ. ಅಂಥಲ್ಲಿ ಏರ್ ಫಿಲ್ಟರನ್ನು ಅವಧಿಗಿಂತ ಮೊದಲೇ ನೋಡಬೇಕಾಗುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದರ ಪೆಟ್ಟಿಗೆ ನಾಲ್ಕು ಕ್ಲಿಪ್ಪುಗಳಿಂದ ಅಥವಾ ಕೆಲವು ತಿರುಪುಗಳಿಂದ ಮುಚ್ಚಿರುತ್ತದೆ; ಒಡೆಯನೇ ಭಾನುವಾರ ಹತ್ತು ನಿಮಿಷದಲ್ಲಿ ತೆರೆದು ನೋಡಬಹುದು. ಎ.ಸಿ.ಯ ಗಾಳಿಯನ್ನು ಸೋಸುವ ಫಿಲ್ಟರು ಬಹಳಷ್ಟು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಹಿಂದೆ ಇದ್ದು, ಅದನ್ನು ಬದಲಿಸಲು ಸ್ಪ್ಯಾನರೂ ಬೇಕಾಗುವುದಿಲ್ಲ. ಭೌತಶಾಸ್ತ್ರ ಕಲಿಸುವ ಅಧ್ಯಾಪಕರು ಇದಕ್ಕೂ ಕೂಲಿ ತೆರುವುದನ್ನು ಕಂಡರೆ ಮಕ್ಕಳು ನಕ್ಕಾರು!

ಉಚಿತ ಸರ್ವಿಸ್ ಎಂಬ ಮಾತಿನ ಅರ್ಥ

ಹೊಸ ಕಾರಿಗೆ ಕಂಪನಿಯವರು ಸಾಮಾನ್ಯವಾಗಿ ಮೂರು ಉಚಿತ ಸರ್ವಿಸುಗಳನ್ನು ಕೊಡುತ್ತಾರೆ. ಇಲ್ಲಿ ಉಚಿತವಾದದ್ದು ಕೂಲಿ ಮಾತ್ರ. ಆಯಿಲ್, ಫಿಲ್ಟರ್ ಮೊದಲಾದ ವಸ್ತುಗಳ ಬೆಲೆಯನ್ನು ಕೊಡಲೇಬೇಕು. ಆದರೂ ಈ ಮೂರನ್ನು ತಪ್ಪಿಸಬಾರದು. ನಿಗದಿಯಾದ ದಿನ ಹಾಗೂ ಕಿಲೋಮೀಟರಿನ ಮಿತಿಯೊಳಗೆ ಅಧಿಕೃತ ಕಾರ್ಯಾಗಾರದಲ್ಲಿ ಇವನ್ನು ಮಾಡಿಸಿ, ಪುಸ್ತಕದಲ್ಲಿ ಮೊಹರು ಹಾಕಿಸಿಕೊಂಡರೆ ವಾರಂಟಿಯ ಬಗ್ಗೆ ಮುಂದೆ ತಕರಾರು ಏಳುವುದಿಲ್ಲ. ಮೊದಲ ಸರ್ವಿಸಿನಲ್ಲಿ ಬಹುತೇಕ ಪರೀಕ್ಷೆಯೇ ಇರುತ್ತದೆ. ಆಗಲೇ ಸಾವಿರಾರು ರೂಪಾಯಿಯ ಬಿಲ್ಲು ಬಂದರೆ ಕೇಳದ ಕೆಲಸವೇನೋ ಒಳಸೇರಿದೆ ಎಂದೇ ಅರ್ಥ.

ಮುಂಗಡ ಹಣ ಕಟ್ಟಿಸಿಕೊಂಡು ಮೂರು ಅಥವಾ ಐದು ವರ್ಷಗಳ ಸರ್ವಿಸನ್ನು ಒಟ್ಟಿಗೆ ಮಾರುವ ಯೋಜನೆಗಳೂ ಉಂಟು. ಹೆಚ್ಚು ಓಡುವ ಕಾರಿಗೆ ಇವುಗಳಿಂದ ಲಾಭವಾಗಬಹುದು, ಏಕೆಂದರೆ ಬೆಲೆಯೇರಿಕೆಯಿಂದ ರಕ್ಷಣೆ ದೊರೆಯುತ್ತದೆ. ವಾರಕ್ಕೊಮ್ಮೆ ಗುಡಿಗೆ, ತಿಂಗಳಿಗೊಮ್ಮೆ ಹೈದರಾಬಾದಿಗೆ ಹೊರಡುವ ಕಾರಿಗೆ ಇವು ನಷ್ಟದ ಬಾಬತ್ತು.

ಕಾರ್ಯಾಗಾರದ ಅರ್ಥಶಾಸ್ತ್ರ

ಡೀಲರುಗಳೆಲ್ಲ ಮೋಸಗಾರರೆಂದು ಸಾರಾಸಗಟಾಗಿ ಹೇಳುವುದು ಅನ್ಯಾಯ. ಅವರ ಕಾರ್ಯಾಗಾರಗಳಲ್ಲಿ ತರಬೇತಿ ಪಡೆದ ಕೆಲಸಗಾರರು, ದೋಷ ಪತ್ತೆಹಚ್ಚುವ ಗಣಕಯಂತ್ರಗಳು, ಅಸಲಿ ಬಿಡಿಭಾಗಗಳು ಇರುತ್ತವೆ. ಆದರೆ ಹೊಸ ಕಾರಿನ ಮಾರಾಟದಲ್ಲಿ ಡೀಲರಿಗೆ ಉಳಿಯುವ ಅಂಶ ತೆಳುವಾದದ್ದು. ಕಟ್ಟಡದ ಬಾಡಿಗೆ, ಸಿಬ್ಬಂದಿಯ ಸಂಬಳ, ಬ್ಯಾಂಕಿನ ಬಡ್ಡಿ ಇವುಗಳ ಭಾರವನ್ನು ಹೊರುವುದು ಬಹುಮಟ್ಟಿಗೆ ಸರ್ವಿಸ್ ವಿಭಾಗ. ಕೌಂಟರಿನಲ್ಲಿ ಕುಳಿತ ಸರ್ವಿಸ್ ಅಡ್ವೈಸರನಿಗೆ ತಿಂಗಳ ಗುರಿ ಇರುತ್ತದೆ; ಬಹಳ ಕಡೆ ಹೆಚ್ಚಿನ ಕೆಲಸ ಮಾರಿದ್ದಕ್ಕೆ ಪ್ರೋತ್ಸಾಹಧನವೂ ಇರುತ್ತದೆ. ಆತನೂ ಯಾವುದೋ ಶಾಲೆಯ ಹಳೆಯ ವಿದ್ಯಾರ್ಥಿಯೇ. ಎದುರಿಗೆ ಗುರುಗಳು ಬಂದು ನಿಂತರೆ ಎದ್ದು ಕುರ್ಚಿ ಕೊಡುತ್ತಾನೆ, ಚಹಾ ತರಿಸುತ್ತಾನೆ, ಆಮೇಲೆ ವಿನಯದಿಂದಲೇ ಶುರು ಮಾಡುತ್ತಾನೆ:

‘ಸರ, ಇಂಜಿನ್ ಡೀಕಾರ್ಬನೈಸಿಂಗ್ ಒಂದ್ ಮಾಡಿಸಿಬಿಡ್ರಿ. ಗಾಡಿ ಭಾಳ ಸ್ಮೂತ್ ಆಗ್ತದ. ಎ.ಸಿ. ಕ್ಲೀನಿಂಗೂ ಹಾಕ್ಲೇನ್ರಿ?’

ಇದಕ್ಕೆ ಸಿಟ್ಟಿನ ಉತ್ತರ ಬೇಕಿಲ್ಲ. ‘ಬುಕ್ಕಿನಾಗ ಈ ಕಿಲೋಮೀಟರಿಗೆ ಇದು ಬರದಾರೇನಪಾ? ಬರದಿದ್ರ ತೋರ್ಸು, ಮಾಡಸೋಣ’ ಎಂದರೆ ಸಾಕು. ಬರೆದಿಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಹೀಗೆ ಮಾರಲ್ಪಡುವ ಕೆಲಸಗಳಲ್ಲಿ ಕೆಲವನ್ನು ವಿಂಗಡಿಸಿ ನೋಡುವುದು ಒಳ್ಳೆಯದು. ಇಂಜಿನ್ ಫ್ಲಶ್ ಎಂದರೆ ಹಳೆಯ ಆಯಿಲನ್ನು ಹೊರಬಿಡುವ ಮೊದಲು ಒಂದು ದ್ರಾವಣ ಹಾಕಿ ಒಳಗಿನ ಜಿಡ್ಡನ್ನು ಕರಗಿಸುವ ಕ್ರಮ. ಕಾಲಕಾಲಕ್ಕೆ ಆಯಿಲ್ ಬದಲಿಸಿದ ಇಂಜಿನ್ನಿನಲ್ಲಿ ಅಂಥ ಜಿಡ್ಡೇ ಇರುವುದಿಲ್ಲ. ಡೀಕಾರ್ಬನೈಸಿಂಗ್, ಇಂಜೆಕ್ಟರ್ ಕ್ಲೀನಿಂಗ್ ಇವು ರೋಗಲಕ್ಷಣ ಕಂಡಾಗ ಮಾಡುವ ಚಿಕಿತ್ಸೆಗಳು: ಇಂಜಿನ್ ನಡುಗುವುದು, ಎಳೆತ ಕುಗ್ಗುವುದು, ಇಂಧನ ಹೆಚ್ಚು ತಿನ್ನುವುದು. ಲಕ್ಷಣವಿಲ್ಲದೆ ಇಪ್ಪತ್ತು ಸಾವಿರ ಕಿಲೋಮೀಟರಿಗೊಮ್ಮೆ ಮಾಡಿಸುವುದು ನೆಗಡಿ ಬರುವ ಮುನ್ನವೇ ಕಷಾಯ ಕುಡಿದಂತೆ. ಟಯರುಗಳಿಗೆ ನೈಟ್ರೋಜನ್ ತುಂಬಿಸುವುದು ಇನ್ನೊಂದು. ಸಾಮಾನ್ಯ ಗಾಳಿಯಲ್ಲಿಯೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆಯೆಂದು ಎಂಟನೆಯ ಇಯತ್ತೆಯ ಮಕ್ಕಳೂ ಬಲ್ಲರು. ಹದಿನೈದು ದಿನಕ್ಕೊಮ್ಮೆ ಸಾದಾ ಗಾಳಿಯ ಒತ್ತಡವನ್ನು ಪರೀಕ್ಷಿಸಿದರೆ ಟಯರು ಅದೇ ಸುಖದಲ್ಲಿರುತ್ತದೆ. ಅಲೈನ್‌ಮೆಂಟ್ ಮಾತ್ರ ತಳ್ಳಿಹಾಕುವಂಥದಲ್ಲ. ಸ್ಟೀರಿಂಗ್ ಒಂದು ಕಡೆಗೆ ಎಳೆದರೆ, ಟಯರಿನ ಅಂಚು ಒಂದೇ ಬದಿಗೆ ಸವೆದರೆ, ದೊಡ್ಡ ಗುಂಡಿಯಲ್ಲಿ ಚಕ್ರ ಬಿದ್ದಿದ್ದರೆ ಮಾಡಿಸಲೇಬೇಕು. ಮೈಗೆ ಹಚ್ಚುವ ಹೊಳಪಿನ ಲೇಪಗಳ ವಿಷಯ ಅಂದಕ್ಕೆ ಸಂಬಂಧಿಸಿದ್ದು. ಹಣ ಉಳ್ಳವರು ಮಾಡಿಸಿಕೊಳ್ಳಲಿ.

ಕೈ ಹಿಡಿಯಬಾರದ ಕಡೆಗಳು

ಇನ್ನು ಎಲ್ಲಿ ಉಳಿಸಬಾರದು ಎಂಬುದು. ಇಂಜಿನ್ ಆಯಿಲ್ ಇವುಗಳಲ್ಲಿ ಮೊದಲನೆಯದು. 5ಡಬ್ಲ್ಯೂ-30, 0ಡಬ್ಲ್ಯೂ-20 ಎಂಬಂಥ ದರ್ಜೆಗಳನ್ನು ಕೈಪಿಡಿಯಲ್ಲಿ ಬರೆದಿರುತ್ತಾರೆ. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸರಾಗವಾಗಿ ಹರಿಯುವುದೆಂಬುದನ್ನೂ, ಎರಡನೆಯದು ಇಂಜಿನ್ ಕಾದಾಗ ಎಷ್ಟು ದಪ್ಪ ಉಳಿಯುವುದೆಂಬುದನ್ನೂ ಸೂಚಿಸುತ್ತವೆ. ‘ಬೀದರದ ಬಿಸಿಲಿಗೆ ದಪ್ಪ ಆಯಿಲೇ ಛಲೋ’ ಎಂಬ ಮಾತು ಹಳೆಯ ಜೀಪುಗಳ ಕಾಲಕ್ಕೆ ಸಲ್ಲುತ್ತಿತ್ತು. ಇಂದಿನ ಇಂಜಿನ್ನುಗಳಲ್ಲಿ ಭಾಗಭಾಗಗಳ ನಡುವಣ ಸಂದು ಅತ್ಯಂತ ಸೂಕ್ಷ್ಮವಾದ್ದರಿಂದ ಕೈಪಿಡಿ ಹೇಳಿದ ದರ್ಜೆಯನ್ನು ಬಿಟ್ಟು ಬೇರೆಯದನ್ನು ಹಾಕಬಾರದು. ಹಾಗೆಯೇ ಕೈಪಿಡಿ ಕೇಳದ ದುಬಾರಿ ಸಿಂಥೆಟಿಕ್ ಆಯಿಲನ್ನು ಅಡ್ವೈಸರನ ಮಾತಿಗೆ ಹಾಕಿಸಬೇಕಾದ ನಿರ್ಬಂಧವೂ ಇಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ತೇವ ಸೇರಿದಂತೆ ಅದರ ಕುದಿಬಿಂದು ಇಳಿಯುತ್ತದೆ. ಸತತವಾಗಿ ಬ್ರೇಕ್ ಒತ್ತಿದಾಗ ಆವಿಯ ಗುಳ್ಳೆಗಳಾಗಿ ಪೆಡಲು ಟೊಳ್ಳಾಗಿ ಇಳಿದುಬಿಡುತ್ತದೆ. ಅನೇಕ ತಯಾರಕರು ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುವುದು ಇದಕ್ಕಾಗಿಯೇ. ಓಡದೆ ನಿಂತ ಕಾರಿಗೂ ಇದು ಅನ್ವಯಿಸುತ್ತದೆ. ರೇಡಿಯೇಟರಿಗೆ ಬರಿ ನೀರು ಹಾಕುವ ರೂಢಿಯೂ ಹಾನಿಕರ: ಜಿಲ್ಲೆಯ ಬೋರ್‌ವೆಲ್ಲುಗಳ ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ನಾದರೆ ಅದರ ಅವಧಿಯನ್ನು ಮರೆಯುವುದು ದೊಡ್ಡ ಅನಾಹುತಕ್ಕೆ ಆಹ್ವಾನ. ಬೆಲ್ಟು ಹರಿದರೆ ಹಲವು ಬಗೆಯ ಇಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಇಂಜಿನ್ನನ್ನೇ ಬಿಚ್ಚಬೇಕಾಗುತ್ತದೆ. ಕಾರಿನಲ್ಲಿ ಬೆಲ್ಟ್ ಇದೆಯೋ ಚೈನ್ ಇದೆಯೋ ಎಂಬುದನ್ನು, ವಿಶೇಷವಾಗಿ ಹಳೆಯ ಕಾರನ್ನು ಕೊಂಡವರು, ಮೊದಲ ದಿನವೇ ಕೇಳಿ ತಿಳಿಯಬೇಕು. ಟಯರಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಅದು ಕಾನೂನಿನ ದೃಷ್ಟಿಯಿಂದಲೂ ಮುಗಿದಂತೆಯೇ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಡೀಸೆಲ್ ವಾಹನಗಳ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳತಕ್ಕದ್ದಾಗಿದೆ, ಏಕೆಂದರೆ ಶಾಲೆಯ ವಾಹನಗಳಲ್ಲಿ ಹೆಚ್ಚಿನವು ಡೀಸೆಲ್ಲಿನವು. ಇವುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಒಂದು ಫಿಲ್ಟರ್ ಇರುತ್ತದೆ. ಹಿಡಿದ ಮಸಿಯನ್ನು ಅದು ಹೆಚ್ಚಿನ ಉಷ್ಣತೆಯಲ್ಲಿ ತಾನೇ ಸುಟ್ಟು ಶುದ್ಧವಾಗಬೇಕು. ಆದರೆ ಓಣಿಯಿಂದ ಓಣಿಗೆ ನಿಂತು ನಿಂತು ಮಕ್ಕಳನ್ನು ಹತ್ತಿಸಿಕೊಳ್ಳುವ ವಾಹನದಲ್ಲಿ ಆ ಉಷ್ಣತೆ ಬರುವುದೇ ಇಲ್ಲ. ಮಸಿ ತುಂಬುತ್ತದೆ, ಎಚ್ಚರಿಕೆಯ ದೀಪ ಹೊತ್ತುತ್ತದೆ, ಚಾಲಕ ಅದನ್ನು ಲೆಕ್ಕಿಸುವುದಿಲ್ಲ, ಕೊನೆಗೆ ವಾಹನ ಎಳೆಯಲಾರದೆ ನಿಲ್ಲುತ್ತದೆ. ಫಿಲ್ಟರನ್ನೇ ಬದಲಿಸುವ ಪ್ರಸಂಗ ಬಂದರೆ ಅದರ ಬೆಲೆ ಹಲವು ಸರ್ವಿಸುಗಳ ಒಟ್ಟು ಖರ್ಚನ್ನು ಮೀರುತ್ತದೆ. ಇದಕ್ಕೆ ಪರಿಹಾರ ಬಹಳ ಅಗ್ಗವಾದುದು. ದೀಪ ಹೊತ್ತಿದ ದಿನವೇ, ಕೈಪಿಡಿಯ ಸೂಚನೆಯಂತೆ, ವಾಹನವನ್ನು ಹೆದ್ದಾರಿಗೆ ಒಯ್ದು ಸುಮಾರು ಇಪ್ಪತ್ತು ನಿಮಿಷ ನಿಲ್ಲಿಸದೆ ಒಂದೇ ಹದದ ವೇಗದಲ್ಲಿ ಓಡಿಸಿದರೆ ಬಹಳ ಸಲ ಫಿಲ್ಟರು ತಾನಾಗಿ ಶುದ್ಧವಾಗುತ್ತದೆ. ಹುಮನಾಬಾದಿನ ದಾರಿ ಇದಕ್ಕೆ ಒಪ್ಪುವಂಥದು. ಈ ವಾಹನಗಳಿಗೆ ಕಡಿಮೆ ಬೂದಿಯ ವಿಶೇಷ ಆಯಿಲನ್ನೇ ಹಾಕಬೇಕು. ಹಳೆಯ ಟ್ರ್ಯಾಕ್ಟರಿನ ಡಬ್ಬಿಯಿಂದ ಉಳಿದ ಆಯಿಲ್ ಹಾಕಿ ಇನ್ನೂರು ರೂಪಾಯಿ ಉಳಿಸಿದ ಚಾಲಕನು ಆಡಳಿತ ಮಂಡಳಿಯನ್ನು ಸಾಲದಲ್ಲಿ ಕೆಡವಿಯಾನು.

ವಾರಂಟಿಯ ಭಯ ಮತ್ತು ಕಾಯಿದೆ

‘ಹೊರಗೆ ಒಂದು ಬಲ್ಬು ಬದಲಿಸಿದರೂ ವಾರಂಟಿ ಹೋಗುತ್ತದೆ’ ಎಂಬ ಭಯದಿಂದ ಅನೇಕರು ಪ್ರತಿಯೊಂದಕ್ಕೂ ಷೋರೂಮಿಗೆ ಓಡುತ್ತಾರೆ. ಈ ಭಯಕ್ಕೆ ಎಷ್ಟು ಆಧಾರವಿದೆ? 2011ರಲ್ಲಿ ಗ್ರಾಹಕರೊಬ್ಬರು ಭಾರತ ಸ್ಪರ್ಧಾ ಆಯೋಗಕ್ಕೆ ಒಂದು ದೂರನ್ನು ಸಲ್ಲಿಸಿದರು. ಹೋಂಡಾ, ಫೋಕ್ಸ್‌ವ್ಯಾಗನ್, ಫಿಯೆಟ್ ಕಂಪನಿಗಳು ಬಿಡಿಭಾಗಗಳನ್ನೂ ದುರಸ್ತಿಯ ತಾಂತ್ರಿಕ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿವೆ ಎಂಬುದು ದೂರಿನ ತಿರುಳು. ವಿಚಾರಣೆ ಬೇರೆ ಕಂಪನಿಗಳಿಗೂ ವಿಸ್ತರಿಸಿತು. 2014ರ ಆಗಸ್ಟ್ 25ರಂದು ಆಯೋಗವು 14 ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿಗಳ ದಂಡ ವಿಧಿಸಿತು. ದಂಡಕ್ಕಿಂತ ಮುಖ್ಯವಾದದ್ದು ಅದರ ನಿರ್ದೇಶನ: ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಷರತ್ತನ್ನು ಕಂಪನಿಗಳು ಹಾಕಕೂಡದು, ಹೊರಗಿನ ತಪ್ಪು ದುರಸ್ತಿಯಿಂದಲೇ ಹಾನಿಯಾಗಿದ್ದರೆ ಆ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು. ಕಂಪನಿಗಳು ಮೇಲ್ಮನವಿ ಹೂಡಿದ್ದರಿಂದ ವ್ಯಾಜ್ಯ ವರ್ಷಗಟ್ಟಲೆ ಮುಂದುವರಿಯಿತು. ಅಮೆರಿಕದಲ್ಲಿ ಇದೇ ತತ್ತ್ವವನ್ನು 1975ರ ವಾರಂಟಿ ಕಾಯಿದೆಯೇ ಎತ್ತಿಹಿಡಿದಿತ್ತು. ಭಾರತ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಡಿಸೆಂಬರ್ 24ರಂದು ‘ದುರಸ್ತಿಯ ಹಕ್ಕು’ ಜಾಲತಾಣವನ್ನು ತೆರೆದು, ವಾಹನಗಳನ್ನೂ ಅದರಲ್ಲಿ ಸೇರಿಸಿದೆ.

ಹಕ್ಕಿನ ಮಾತು ಹಾಗಿರಲಿ, ವ್ಯವಹಾರದ ಮಾತು ಬೇರೆ. ವಾರಂಟಿಯ ಅವಧಿಯಲ್ಲಿ ಗೇರ್‌ಬಾಕ್ಸೊಂದು ಕೆಟ್ಟರೆ ವಾದ ಮಾಡುತ್ತ ಕೂರುವುದಕ್ಕಿಂತ ಅಧಿಕೃತ ಕಾರ್ಯಾಗಾರದ ಮೊಹರುಗಳಿರುವ ಪುಸ್ತಕವನ್ನು ಮುಂದಿಡುವುದು ಸುಲಭ. ಆದಕಾರಣ ವಾರಂಟಿ ಇರುವ ತನಕ ನಿಯತ ಸರ್ವಿಸನ್ನು ಷೋರೂಮಿನಲ್ಲಿಯೇ, ಆದರೆ ಕೈಪಿಡಿಯಲ್ಲಿ ಬರೆದಷ್ಟನ್ನೇ ಮಾಡಿಸುವುದು ಜಾಣತನ. ಟಯರು, ಬ್ಯಾಟರಿ, ವೈಪರು, ಬಲ್ಬು, ತೊಳೆಯುವಿಕೆ ಇವುಗಳನ್ನು ಹೊರಗೆ ಮಾಡಿಸಿದರೆ ಏನೂ ಕೆಡುವುದಿಲ್ಲ. ವಾರಂಟಿ ಮುಗಿದ ಮೇಲೆ ನಂಬಿಕೆಯ ಮಿಸ್ತ್ರಿಯೊಬ್ಬನನ್ನು ಹುಡುಕಿಕೊಳ್ಳಬಹುದು. ಔರಾದದಿಂದ ಬೀದರಕ್ಕೆ ಕಾರನ್ನು ತಂದು ಬಿಡಲು ಹೋಗಿಬರುವ 80 ಕಿಲೋಮೀಟರಿನ ಇಂಧನ ಮತ್ತು ಒಂದು ದಿನದ ರಜೆಯೂ ಸರ್ವಿಸಿನ ಖರ್ಚೇ. ಊರಿನ ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿದರೆ ಅದು ಉಳಿಯುತ್ತದೆ. ಆದರೆ ಆಯಿಲ್ ಮತ್ತು ಫಿಲ್ಟರನ್ನು ಕಂಪನಿಯ ಅಧಿಕೃತ ಬಿಡಿಭಾಗದ ಅಂಗಡಿಯಿಂದ ರಸೀದಿ ಸಮೇತ ತಾವೇ ಕೊಂಡೊಯ್ಯಬೇಕು; ನಕಲಿ ಫಿಲ್ಟರುಗಳ ಡಬ್ಬಿ ಅಸಲಿಗಿಂತ ಚೆಂದವಾಗಿರುತ್ತದೆ.

ಬಿಲ್ಲನ್ನು ಓದುವ ಬಗೆ

ಕಾರನ್ನು ಒಪ್ಪಿಸುವಾಗ ಬರೆಯುವ ಜಾಬ್ ಕಾರ್ಡೇ ಕರಾರುಪತ್ರ. ಅದರಲ್ಲಿ ಬರೆಯದ ಕೆಲಸಕ್ಕೆ ಹಣ ಕೇಳುವಂತಿಲ್ಲ. ಖಾಲಿ ಬಿಟ್ಟ ಜಾಗದ ಕೆಳಗೆ ಸಹಿ ಹಾಕಬಾರದು. ಅಂದಾಜು ಮೊತ್ತವನ್ನು ಬರೆಸಿ, ‘ಇದಕ್ಕೆ ಮೀರಿದ ಕೆಲಸವನ್ನು ಫೋನಿನಲ್ಲಿ ಒಪ್ಪಿಗೆ ಪಡೆಯದೆ ಮಾಡಕೂಡದು’ ಎಂಬ ಒಂದು ಸಾಲನ್ನು ಸೇರಿಸಬೇಕು. ಬದಲಿಸಿದ ಹಳೆಯ ಭಾಗಗಳನ್ನು ವಾಪಸು ಕೊಡುವಂತೆ ಆಗಲೇ ಹೇಳಿದರೆ ಬದಲಿಸದೆ ಬದಲಿಸಿದೆನೆಂಬ ಮಾತಿಗೆ ಎಡೆಯಿರುವುದಿಲ್ಲ. ಹಲವು ಕಂಪನಿಗಳು ಮಾದರಿವಾರು, ಕಿಲೋಮೀಟರುವಾರು ಸರ್ವಿಸಿನ ಅಂದಾಜು ಖರ್ಚನ್ನು ತಮ್ಮ ಜಾಲತಾಣದಲ್ಲಿ ತೋರಿಸುತ್ತವೆ. ಅದರ ಪ್ರತಿಯೊಂದನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋದವರೊಡನೆ ಮಾತು ಚಿಕ್ಕದಾಗುತ್ತದೆ.

ಬಿಡಿಭಾಗದ ಡಬ್ಬಿಯ ಮೇಲೆ ಅಚ್ಚಾದ ಗರಿಷ್ಠ ಚಿಲ್ಲರೆ ಬೆಲೆಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಉದಾಹರಣೆಗೆ ಡಬ್ಬಿಯ ಮೇಲೆ 590 ರೂಪಾಯಿ ಎಂದಿದ್ದರೆ, ನೂರಕ್ಕೆ 18ರ ಜಿ.ಎಸ್.ಟಿ.ಯ ಲೆಕ್ಕದಲ್ಲಿ ಬಿಲ್ಲಿನಲ್ಲಿ 500 ಮೂಲಬೆಲೆ, 90 ತೆರಿಗೆ ಎಂದು ಬರಬೇಕು. 590ರ ಮೇಲೆ ಮತ್ತೆ ತೆರಿಗೆ ಹಾಕಿದ್ದರೆ ಅದು ತಪ್ಪು. ಈ ಹಿಂದೆ ಅನೇಕ ಬಿಡಿಭಾಗಗಳ ಮೇಲೆ ತೆರಿಗೆ ನೂರಕ್ಕೆ 28 ಇದ್ದು, 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆಲ್ಲ 18 ಎಂದಾಯಿತು. ಅದೇ 500ರ ವಸ್ತು ಮೊದಲು 640 ಆಗುತ್ತಿತ್ತು. ಹಳೆಯ ದರದ ಅಂದಾಜುಪಟ್ಟಿಯನ್ನೇ ಮುಂದಿಟ್ಟರೆ ಕೇಳುವ ಹಕ್ಕು ಗ್ರಾಹಕನಿಗಿದೆ. ‘ಕನ್ಸ್ಯೂಮಬಲ್ಸ್’ ಎಂಬ ಹೆಸರಿನ ಸಾಲಿನಲ್ಲಿ ಅರಿವೆ, ಗ್ರೀಸು, ಸ್ಪ್ರೇ ಎಲ್ಲ ಸೇರಿ ಮೂರಂಕಿಯ ಮೊತ್ತ ಕುಳಿತಿರುತ್ತದೆ. ಅದರ ವಿವರವನ್ನೂ ಕೇಳಬೇಕು.

ತಕರಾರು ಬಗೆಹರಿಯದಿದ್ದರೆ ಮೊದಲು ಕಂಪನಿಗೆ ಲಿಖಿತ ದೂರು, ಬಳಿಕ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅನ್ವಯ ತೆತ್ತ ಮೊತ್ತ ಐದು ಲಕ್ಷದೊಳಗಿನದಾದರೆ ಅರ್ಜಿಗೆ ಶುಲ್ಕವಿಲ್ಲ. ಬಿಲ್ಲು ಮತ್ತು ಜಾಬ್ ಕಾರ್ಡಿನ ಪ್ರತಿ ಇಲ್ಲದೆ ಹೋದವರು ಮಾತ್ರ ಬರಿಗೈಯಲ್ಲಿ ಮರಳುತ್ತಾರೆ.

ಶಾಲೆಯ ವಾಹನಗಳ ದಾಖಲೆ

ಖಾಸಗಿ ಕಾರಿನ ಒಡೆಯನಿಗೆ ತನ್ನ ನೆನಪೇ ದಾಖಲೆಯಾದೀತು. ಸಂಸ್ಥೆಗೆ ಅದು ಸಾಲದು. ಚಾಲಕರು ಬದಲಾಗುತ್ತಾರೆ, ಕಾರ್ಯದರ್ಶಿಗಳು ಬದಲಾಗುತ್ತಾರೆ, ಆದರೆ ಬಸ್ಸು ಹದಿನೈದು ವರ್ಷ ಅದೇ ಇರುತ್ತದೆ. ಶಾಲಾ ವಾಹನವು ಸಾರಿಗೆ ವಾಹನವಾದ್ದರಿಂದ ಹೊಸತಾದ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಅರ್ಹತಾಪತ್ರವನ್ನು ನವೀಕರಿಸಬೇಕಾಗುತ್ತದೆ. ಆ ದಿನಕ್ಕೆ ಒಂದು ವಾರ ಮೊದಲು ಎಲ್ಲ ಕೆಲಸಗಳನ್ನೂ ಒಟ್ಟಿಗೆ ಅವಸರದಲ್ಲಿ ಮಾಡಿಸಿದಾಗಲೇ ಹೆಚ್ಚು ಹಣ ಸೋರುವುದು. ಬೇಸಿಗೆಯ ರಜೆಯಲ್ಲಿ, ಅಂದರೆ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ವಾಹನ ನಿಂತೇ ಇರುವಾಗ, ಎರಡು ಮೂರು ಕಡೆ ದರಪಟ್ಟಿ ತರಿಸಿ ನಿಧಾನವಾಗಿ ಮಾಡಿಸಿದರೆ ಅದೇ ಕೆಲಸ ಅಗ್ಗವಾಗುತ್ತದೆ. ಎರಡು ಮೂರು ವಾಹನಗಳಿರುವ ಸಂಸ್ಥೆ ಅವನ್ನು ಒಂದೇ ಕಾರ್ಯಾಗಾರಕ್ಕೆ ಒಪ್ಪಿಸುವುದಾಗಿ ಹೇಳಿ ಕೂಲಿಯಲ್ಲಿ ರಿಯಾಯಿತಿ ಕೇಳಬಹುದು. ಒಬ್ಬೊಬ್ಬ ಗ್ರಾಹಕನಿಗೆ ದೊರೆಯದ ರಿಯಾಯಿತಿ ಇಂಥಲ್ಲಿ ದೊರೆಯುವುದುಂಟು.

ಇದಕ್ಕೆ ಬೇಕಾದದ್ದು ನೂರು ಪುಟದ ಒಂದು ವಹಿ. ಪ್ರತಿ ವಾಹನಕ್ಕೆ ಹತ್ತು ಪುಟ. ಅಂಕಣಗಳು ಇಷ್ಟೇ: ದಿನಾಂಕ, ಓಡಿದ ಕಿಲೋಮೀಟರು, ಮಾಡಿಸಿದ ಕೆಲಸ, ಕೈಪಿಡಿಯಲ್ಲಿ ಅದು ಇದೆಯೋ ಇಲ್ಲವೋ, ಬಿಡಿಭಾಗದ ಬೆಲೆ, ಕೂಲಿ, ಬಿಲ್ಲಿನ ಸಂಖ್ಯೆ, ಮುಂದಿನ ಸರ್ವಿಸಿನ ದಿನ ಮತ್ತು ಕಿಲೋಮೀಟರು. ಪ್ರತಿ ಸಾಲಿಗೆ ಚಾಲಕನೂ ಮುಖ್ಯೋಪಾಧ್ಯಾಯರೂ ಸಹಿ ಮಾಡಬೇಕು. ವಾರ್ಷಿಕ ಲೆಕ್ಕಪತ್ರವನ್ನು ದಾನಿಗಳ ಮುಂದಿಡುವ ದಿನ ಈ ವಹಿಯೂ ಮೇಜಿನ ಮೇಲಿದ್ದರೆ, ‘ಬಸ್ಸಿಗೆ ಈ ವರ್ಷ ಇಷ್ಟು ಯಾಕೆ ಬಂತು?’ ಎಂಬ ಪ್ರಶ್ನೆಗೆ ಯಾರೂ ಮುಖ ಮುಖ ನೋಡಬೇಕಾಗುವುದಿಲ್ಲ. ನಾಲ್ಕನೆಯ ಅಂಕಣದಲ್ಲಿ ‘ಇಲ್ಲ’ ಎಂದು ಬರೆದ ಸಾಲುಗಳನ್ನು ಮಾತ್ರ ಕೂಡಿಸಿ ನೋಡಿದರೆ ಬರುವ ವರ್ಷ ಎಷ್ಟು ಉಳಿಸಬಹುದೆಂಬುದೂ ಅಲ್ಲಿಯೇ ಸಿಗುತ್ತದೆ.